ಗುತ್ತಿಗೆದಾರರಿಗೆ ಅಂಕ ಕೊಡುವ ಪದ್ಧತಿ ಬಂದದ್ದು ಹೇಗೆ?

1683ರಲ್ಲಿ ಫ್ರಾನ್ಸಿನ ಕೋಟೆ ಎಂಜಿನಿಯರ್ ವೊಬಾನ್, ಮಂತ್ರಿ ಲೂವ್ವಾಗೆ ಒಂದು ದೂರಿನ ಪತ್ರ ಬರೆದ. ಕಡಿಮೆ ದರ ಕೂಗಿದವರಿಗೇ ಕೆಲಸ ಕೊಡುತ್ತಿದ್ದೀರಿ, ಅದಕ್ಕೇ ಎಷ್ಟೋ ಕೆಲಸ ಮುಗಿಯುತ್ತಲೇ ಇಲ್ಲ ಎಂಬುದು ಅದರ ಸಾರ. ಕಸುಬು ಗೊತ್ತಿಲ್ಲದವರು ಮುಂದೆ ಬರುತ್ತಾರೆ. ನಷ್ಟ ಶುರುವಾದ ಮೇಲೆ ಕಳಪೆ ಸಾಮಾನು ಹಾಕುತ್ತಾರೆ, ಕೂಲಿ ತಡಮಾಡುತ್ತಾರೆ. ಇವತ್ತಿನ ಪತ್ರ ಅನ್ನಿಸುತ್ತದೆ, ಅಲ್ವಾ?

ಆದರೂ ಸರ್ಕಾರಗಳು ಕಡಿಮೆ ದರವನ್ನು ಬಿಡಲಿಲ್ಲ. ದರವನ್ನು ಯಾರು ಬೇಕಾದರೂ ಹೋಲಿಸಿ ನೋಡಬಹುದು. ಗುಣಮಟ್ಟ ನೋಡಿ ಕೆಲಸ ಕೊಟ್ಟ ಅಧಿಕಾರಿ ಮಾತ್ರ ‘ತನ್ನವರಿಗೆ ಕೊಟ್ಟ’ ಎಂಬ ಮಾತು ಕೇಳಬೇಕು. ಕೆಟ್ಟ ಕೆಲಸಕ್ಕೆ ಠೇವಣಿ ಮುಟ್ಟುಗೋಲು, ದಂಡ, ಕಪ್ಪುಪಟ್ಟಿ ಇದ್ದವು. ಕಪ್ಪುಪಟ್ಟಿಗೆ ಬೀಳುವುದು ತೀರಾ ಕೆಟ್ಟವರು. ಹೇಗೋ ಮುಗಿಸಿ ಬಿಲ್ ಎತ್ತಿಕೊಳ್ಳುವವರು ಜಾಸ್ತಿ, ಅವರಿಗೆ ಮುಂದಿನ ಟೆಂಡರ್‌ನಲ್ಲೂ ಏನೂ ತೊಂದರೆಯಿಲ್ಲ.

ಈ ನಡುವಿನ ಜಾಗಕ್ಕೆ ಅಂಕಪಟ್ಟಿ ಬಂತು. ಸಿಂಗಾಪುರ 1989ರಲ್ಲಿ ಕಟ್ಟಡದ ಗುಣಮಟ್ಟಕ್ಕೆ ಅಂಕ ಕೊಡುವ ‘ಕಾನ್‌ಕ್ವಾಸ್’ ಪದ್ಧತಿ ಶುರುಮಾಡಿತು. ಕಟ್ಟಡದ ರಚನೆ, ಫಿನಿಶಿಂಗ್, ವಿದ್ಯುತ್ ಮತ್ತು ಯಂತ್ರದ ಕೆಲಸ, ಎಲ್ಲಕ್ಕೂ ಮಾದರಿ ತೆಗೆದು ಅಂಕ. ಅದರಲ್ಲಿ ನನಗೆ ಹಿಡಿಸಿದ ನಿಯಮ ಒಂದಿದೆ: ಮೊದಲ ಪರೀಕ್ಷೆಯಲ್ಲಿ ಸಿಕ್ಕಿದ್ದೇ ಅಂಕ. ಆಮೇಲೆ ಒಡೆದು ಸರಿಪಡಿಸಿದರೆ ಕಟ್ಟಡ ಸರಿಯಾಗುತ್ತದೆ, ಅಂಕ ಏರುವುದಿಲ್ಲ. ‘ತಪ್ಪು ತೋರಿಸಿ, ತಿದ್ದುತ್ತೇವೆ’ ಎನ್ನುವ ಹಳೇ ಚಾಳಿಗೆ ಅದು ಕಡಿವಾಣ.

ಹಾಂಗ್‌ಕಾಂಗ್‌ನ ವಸತಿ ಪ್ರಾಧಿಕಾರ 1990ರ ದಶಕದ ಆರಂಭದಲ್ಲೇ ಇನ್ನೂ ಮುಂದೆ ಹೋಯಿತು. ಕೆಲಸ ನಡೆಯುತ್ತಿರುವಾಗಲೇ ಅಂಕ ಹಾಕಿ, ಆ ಅಂಕವನ್ನು ಮುಂದಿನ ಟೆಂಡರ್ ಅವಕಾಶಕ್ಕೆ ಜೋಡಿಸಿತು. ಇಷ್ಟೆಲ್ಲ ಇದ್ದರೂ 1999ರ ಕೊನೆಗೆ ದೊಡ್ಡ ಹಗರಣ ಹೊರಬಿತ್ತು. ಅಲ್ಲಿನ ಶಾಟಿನ್‌ನಲ್ಲಿ ಎರಡು ಬಹುಮಹಡಿ ವಸತಿ ಕಟ್ಟಡಗಳ ಪೈಲುಗಳು, ಅಂದರೆ ಅಡಿಪಾಯಕ್ಕೆ ನೆಲದೊಳಗೆ ಇಳಿಸುವ ಕಂಬಗಳು, ನಕ್ಷೆಯಲ್ಲಿದ್ದಷ್ಟು ಆಳಕ್ಕೆ ಇಳಿದೇ ಇರಲಿಲ್ಲ. ಎರಡನ್ನೂ ಕೆಡವಬೇಕಾಯಿತು. ಗೋಡೆಯ ಬಿರುಕು ಯಾರಿಗೂ ಕಾಣುತ್ತದೆ. ಮಣ್ಣಿನೊಳಗಿನ ಪೈಲು, ಕಾಂಕ್ರೀಟ್ ಸುರಿದ ಮೇಲಿನ ಕಂಬಿ ಕಾಣುವುದಿಲ್ಲ. ಮುಚ್ಚುವ ಮೊದಲು ಎಂಜಿನಿಯರ್ ಅಲ್ಲಿ ನಿಂತು ನೋಡದಿದ್ದರೆ ಅಂಕಪಟ್ಟಿ ಸುಮ್ನೆ ಕಾಗದ.

ಜಪಾನ್ ಇನ್ನೊಂದು ಬಗೆಯಲ್ಲಿ ಇಲ್ಲಿಗೆ ಬಂತು. ಸರ್ಕಾರಿ ಕಾಮಗಾರಿ ಕಡಿಮೆಯಾದಂತೆ ಕಂಪನಿಗಳು ದರವನ್ನು ವಿಪರೀತ ಇಳಿಸಿ ಬಿಡ್ ಹಾಕತೊಡಗಿದವು. 2005ರಲ್ಲಿ ಅಲ್ಲಿ ಒಂದು ಕಾನೂನು ಬಂತು: ದರ ಮತ್ತು ಗುಣಮಟ್ಟ ಎರಡನ್ನೂ ಒಟ್ಟಿಗೆ ತೂಗಬೇಕು. ಹಿಂದಿನ ಕಾಮಗಾರಿಗೆ ಸಿಕ್ಕ ಅಂಕವೂ ಆ ತೂಕದಲ್ಲಿ ಸೇರುತ್ತದೆ. ಅಲ್ಲಿನ ಕೇಂದ್ರ ಸರ್ಕಾರದ ಕಾಮಗಾರಿಗಳಲ್ಲಿ ಅಂಕ ಹಾಕುವವರು ಒಬ್ಬರಲ್ಲ. ದಿನನಿತ್ಯ ಉಸ್ತುವಾರಿ ನೋಡುವವರು ಬೇರೆ, ತಪಾಸಣೆಗೆ ಬರುವವರು ಬೇರೆ. ಒಬ್ಬರ ಮುಲಾಜು ಇನ್ನೊಬ್ಬರಿಗೆ ಇರುವುದಿಲ್ಲ.

ಮುಲಾಜಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ಅಂಕ ಪದ್ಧತಿಯ ಬಲಹೀನತೆ ಇರುವುದು ಅಲ್ಲೇ. ಅಮೆರಿಕದಲ್ಲಿ 1994ರ ಖರೀದಿ ಸುಧಾರಣಾ ಕಾನೂನು ಹಳೆಯ ಕೆಲಸದ ದಾಖಲೆಗೆ ಮಹತ್ವ ಕೊಟ್ಟಿತು. ‘ಅತ್ಯುತ್ತಮ’ದಿಂದ ‘ತೃಪ್ತಿಕರವಲ್ಲ’ದವರೆಗೆ ಐದು ದರ್ಜೆ. ಗುತ್ತಿಗೆದಾರನಿಗೂ ಉತ್ತರ ಬರೆಯುವ ಹಕ್ಕಿದೆ. ಆದರೆ ಕೆಟ್ಟ ದರ್ಜೆ ಕೊಟ್ಟ ಅಧಿಕಾರಿಗೆ ವಿವರಣೆ, ವಾದ, ಕೆಲವೊಮ್ಮೆ ಕೋರ್ಟು. ‘ತೃಪ್ತಿಕರ’ ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಹಾಗಾಗಿ ಯಾವ ತಪ್ಪಿಗೆ ಎಷ್ಟು ಅಂಕ ಕಡಿತ ಎಂದು ಮೊದಲೇ ಬರೆದಿಡುವುದು, ಫೋಟೊ, ಪರೀಕ್ಷಾ ವರದಿಗಳನ್ನು ಜೊತೆಗಿಡುವುದು ಅಧಿಕಾರಿಯ ರಕ್ಷಣೆಗೂ ಬೇಕು.

ಹೊಸಬರ ಗತಿಯೇನು? ಅಮೆರಿಕದ ನಿಯಮದಲ್ಲಿ, ಹಳೆಯ ದಾಖಲೆಯೇ ಇಲ್ಲದವರನ್ನು ಆ ವಿಷಯದಲ್ಲಿ ಒಳ್ಳೆಯವರೆಂದೂ ಎಣಿಸುವಂತಿಲ್ಲ, ಕೆಟ್ಟವರೆಂದೂ ಎಣಿಸುವಂತಿಲ್ಲ. ಕಟ್ಟಡ ಕಾಮಗಾರಿಯ ದಾಖಲೆಯನ್ನು ಕೆಲಸ ಮುಗಿದ ಆರು ವರ್ಷಕ್ಕೆ ಕಡತದಿಂದ ತೆಗೆದುಹಾಕುತ್ತಾರೆ. ಐರೋಪ್ಯ ಒಕ್ಕೂಟವೂ 2014ರ ನಿಯಮದಲ್ಲಿ, ಹಿಂದಿನ ಗುತ್ತಿಗೆಯಲ್ಲಿ ದೊಡ್ಡ ಲೋಪ ಮಾಡಿದವರನ್ನು ಟೆಂಡರ್‌ನಿಂದ ಹೊರಗಿಡಲು ಅವಕಾಶ ಕೊಟ್ಟಿತು. ಜೊತೆಗೆ, ತಿದ್ದಿಕೊಂಡಿದ್ದೇವೆ ಎಂದು ಸಾಬೀತು ಮಾಡಿದ ಕಂಪನಿಗೆ ಮರಳಿ ಬರುವ ದಾರಿಯನ್ನೂ ತೆರೆದಿಟ್ಟಿತು.