ಸ್ಟಾರ್ಟರ್ ತಿರುಗುತ್ತೆ, ಎಂಜಿನ್ ಹಿಡಿಯಲ್ಲ: ತಪ್ಪು ಯಾರದ್ದು?

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. 2008ರ ಕಾರು. ಮಳೆಗಾಲ ಶುರುವಾದಾಗಿನಿಂದ ರಿಮೋಟ್ ಒತ್ತಿದರೆ ಡ್ರೈವರ್ ಬಾಗಿಲು ಮಾತ್ರ ಲಾಕ್ ಆಗಲ್ಲ. ಕೆಲವು ಬೆಳಿಗ್ಗೆ ಸ್ಟಾರ್ಟ್ ಕೂಡ ಆಗಲ್ಲ. ರಿಮೋಟಿನ ಸೆಲ್ ಬದಲಾಯಿಸಿದೆ, ಉಪಯೋಗವಾಗಲಿಲ್ಲ. ಸರಿಯಾದ ಕೀಲಿಯಿಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಇಮೊಬಿಲೈಸರ್ ತೆಗೆಸಿಬಿಡಲಾ?

ಉತ್ತರ: ತೆಗೆಸಬೇಡಿ. ನಿಮ್ಮದು ಬಹುಶಃ ಎರಡು ಬೇರೆ ಬೇರೆ ತೊಂದರೆ.

ಬಾಗಿಲಿನಿಂದ ಶುರು ಮಾಡೋಣ. ಉಳಿದ ಬಾಗಿಲುಗಳು ಲಾಕ್ ಆಗುತ್ತಿವೆ ಅಂದರೆ ರಿಮೋಟ್ ಸರಿಯಿದೆ. ಹಟ ಮಾಡುವ ಬಾಗಿಲಿಗೆ ಕಿವಿಯಿಟ್ಟು, ಯಾರಿಗಾದರೂ ರಿಮೋಟ್ ಒತ್ತಲು ಹೇಳಿ. ಒಳಗೆ ಮೋಟರ್ ಸದ್ದು ಬಂದರೆ ಲಾಕ್ ಬಿಗಿದಿರಬಹುದು, ಅಥವಾ ಮೋಟರಿನ ಹಲ್ಲು ಸವೆದಿರಬಹುದು. ಏನೂ ಕೇಳದಿದ್ದರೆ ಮೋಟರ್ ಸತ್ತಿದೆ, ಇಲ್ಲವೇ ವೈರ್ ತುಂಡಾಗಿದೆ.

ನನ್ನ ಕಾರಿಗೂ ಹೀಗೇ ಆಗಿತ್ತು. ಹೊಸ ಮೋಟರಿಗೆ ದುಡ್ಡು ಹೊಂದಿಸಿಕೊಂಡೇ ಹೋಗಿದ್ದೆ. ಕುಮಟಾದ ಎಲೆಕ್ಟ್ರಿಷಿಯನ್ ಬಾಗಿಲಿಗೂ ಅದರ ಕೀಲು ಕೂರುವ ಕಾರಿನ ಕಂಬಕ್ಕೂ ನಡುವೆ ಇರುವ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯನ್ನು ಹಿಂದಕ್ಕೆ ಎಳೆದರು. "ಮೋಟರ್ ಚಲೋ ಅದೆ ಮಾರಾಯ್ರೆ, ಇಲ್ಲಿ ನೋಡಿ" ಅಂದರು. ಒಳಗಿನ ವೈರಿನ ಸಿಪ್ಪೆ ಬಿರುಕು ಬಿಟ್ಟಿತ್ತು. ತಾಮ್ರಕ್ಕೆ ತಂಬಿಗೆಗೆ ಹಿಡಿಯುವಂಥದ್ದೇ ಹಸಿರು ಕಿಲುಬು. ಮುಟ್ಟಿದರೆ ಪುಡಿಯಾಯಿತು. ಡ್ರೈವರ್ ಬಾಗಿಲು ತೆರೆದು ಮುಚ್ಚುವುದು ಜಾಸ್ತಿ, ಹಾಗಾಗಿ ವೈರ್ ಮಡಚಿ ಮಡಚಿ ಸೀಳುತ್ತದೆ. ಆಮೇಲೆ ನಮ್ಮ ಉಪ್ಪುಗಾಳಿ ಕೆಲಸ ಮುಗಿಸುತ್ತದೆ. ತುಂಡನ್ನು ಬೆಸುಗೆ ಹಾಕಿಸಿ, ಮೇಲೆ ಸ್ಲೀವ್ (ವೈರ್ ಮುಚ್ಚುವ ಕೊಳವೆ) ಹಾಕಿಸಿ. ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಬಾಗಿಲಿನ ಅಡಿಯ ತೂತುಗಳಲ್ಲಿ ಕೆಸರು ಕಟ್ಟಿದ್ದರೆ ಕಡ್ಡಿ ಹಾಕಿ ಬಿಡಿಸಿ. ಗಾಜಿನ ಸಂದಿಯಿಂದ ಇಳಿದ ನೀರು ಹೊರಗೆ ಹೋಗುವುದು ಅಲ್ಲಿಂದಲೇ.

ಇನ್ನು ಸ್ಟಾರ್ಟಿಂಗ್. ಕೀಲಿಯ ತಲೆಯೊಳಗಿನ ಇಮೊಬಿಲೈಸರ್ ಚಿಪ್‌ಗೆ ಸೆಲ್ಲೇ ಬೇಡ. ಕೀಲಿ ತೂತಿನ ಸುತ್ತ ಇರುವ ತಂತಿ ಸುರುಳಿಯಿಂದ ಶಕ್ತಿ ಪಡೆದು ಅದು ತನ್ನ ಗುರುತು ಹೇಳುತ್ತದೆ. ಸೆಲ್ ಬದಲಾಯಿಸಿದರೂ ಉಪಯೋಗವಾಗದ್ದು ಅದಕ್ಕೇ.

ಮುಂದಿನ ಸಲ ಕೈಕೊಟ್ಟಾಗ ಡ್ಯಾಶ್‌ಬೋರ್ಡ್ ನೋಡಿ. ಕೀಲಿ ಅಥವಾ ಬೀಗದ ಚಿತ್ರದ ದೀಪ ಇರುತ್ತದಲ್ವಾ, ಸಾಮಾನ್ಯವಾಗಿ ಕೀಲಿ ಆನ್ ಮಾಡಿದ ಎರಡು ಮೂರು ಸೆಕೆಂಡಿನಲ್ಲಿ ಅದು ಆರಬೇಕು. ಆರಿದರೆ ಇಮೊಬಿಲೈಸರ್ ನಿರಪರಾಧಿ. ಟ್ಯಾಂಕಿನಿಂದ ಪೆಟ್ರೋಲ್ ಎತ್ತುವ ಪಂಪ್, ಸ್ಪಾರ್ಕ್ ಪ್ಲಗ್ ಕಡೆ ಹುಡುಕಿ. ಮಿಣುಕುತ್ತಲೇ ಇದ್ದರೆ ಕಾರಿಗೆ ಕೀಲಿಯ ಗುರುತು ಸಿಕ್ಕಿಲ್ಲ. ಗೊಂಚಲಿನಲ್ಲಿ ಇನ್ನೊಂದು ಗಾಡಿಯ ಚಿಪ್ ಕೀಲಿ ಇದ್ದರೆ ಅದು ಅಡ್ಡ ಬರಬಹುದು, ಬಿಡಿಸಿ ನೋಡಿ.

ಬ್ಯಾಟರಿಯನ್ನೂ ಅಳೆಸಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್ ಇದ್ದರೆ ಭರ್ತಿ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಸ್ಟಾರ್ಟರ್ ಎಳೆಯುವಾಗ ವೋಲ್ಟ್ ಇನ್ನೂ ಕುಸಿದು ಕಾರಿನ ಕಂಪ್ಯೂಟರ್ ತಲೆ ತಿರುಗಿ ಬೀಳಬಹುದು. ನಾವು ಮಾತ್ರ ಇಮೊಬಿಲೈಸರನ್ನು ಬೈಯುತ್ತೇವೆ.

ಇಮೊಬಿಲೈಸರ್ ತೆಗೆಸಿದರೆ ಕಳ್ಳನಿಗೆ ಅನುಕೂಲ, ಕಳುವಾದರೆ ವಿಮೆಯವರ ಜೊತೆ ಜಗಳ. ಕಪಾಟಿನಲ್ಲಿ ಕಾರಿನ ಜೊತೆ ಬಂದ ಎರಡನೇ ಕೀಲಿ ಇದ್ದರೆ ತೆಗೆದು ಒಂದು ವಾರ ಅದರಲ್ಲೇ ಓಡಿಸಿ. ಹಳೆ ಕೀಲಿಯಲ್ಲಿ ಮಿಣುಕುತ್ತಿದ್ದ ದೀಪ ಇದರಲ್ಲಿ ಪ್ರತಿ ಸಲವೂ ಆರಿದರೆ ಹಳೆ ಕೀಲಿಯ ಚಿಪ್ ಬಹುಶಃ ಹಾಳಾಗಿದೆ ಎಂದೇ ಲೆಕ್ಕ.