ಬ್ರೈಲ್‌ನಲ್ಲಿ ಖಾಲಿ ಜಾಗದ ಲೆಕ್ಕ

ಬ್ರೈಲ್ ಪ್ರೆಸ್ಸಿಗೆ ಬರುವ ಫೈಲಿನಲ್ಲಿ ಕಥೆಯೋ ಪಾಠವೋ ಇದ್ದರೆ ತೊಂದರೆ ಕಡಿಮೆ. ಅನುವಾದದ ಸಾಫ್ಟ್‌ವೇರಿಗೆ ಹಾಕಿದರೆ ಅದು ಅಕ್ಷರಗಳನ್ನು ಚುಕ್ಕಿಗಳಾಗಿ ಬದಲಿಸಿ, ಸಾಲು ತುಂಬಿದಾಗ ಕೆಳಗಿನ ಸಾಲಿಗೆ ಇಳಿಸುತ್ತಾ ಹೋಗುತ್ತದೆ. ತಲೆನೋವು ಶುರುವಾಗುವುದು ಯಾರೋ ಸ್ಪೇಸ್ ಬಾರ್ ಒತ್ತಿ ಒತ್ತಿ ನೇರ ಮಾಡಿದ ಸಾಲುಗಳು ಬಂದಾಗ. ಬಸ್ಸಿನ ವೇಳಾಪಟ್ಟಿ, ಮಾರ್ಕ್ಸ್ ಪಟ್ಟಿ, ಪದ್ಯ, ಕಂಪ್ಯೂಟರ್ ಪ್ರೋಗ್ರಾಂ, ಎಲ್ಲವೂ ಇದೇ ಜಾತಿ.

ಸುಮ್ನೆ ಬಿಟ್ಟರೆ ಸಾಮಾನ್ಯವಾಗಿ ಹತ್ತು ಸ್ಪೇಸ್ ಇದ್ದಲ್ಲಿ ಒಂದೇ ಉಳಿದು, ಪಟ್ಟಿ ಪೂರ್ತಿ ಒಂದು ಪ್ಯಾರಾದ ಹಾಗೆ ಹರಿಯುತ್ತದೆ. ‘ಇದ್ದ ಹಾಗೇ ಇರಲಿ’ ಅಂತ ಗುರುತು ಹಾಕಿದರೆ ಸ್ಪೇಸು, ಸಾಲು ಎರಡೂ ಕದಲುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಎರಡನೆಯದನ್ನು ಮಾಡಿ ನಿರಾಳರಾಗುತ್ತಾರೆ. ನಾನು ನೋಡಿದ ಮಟ್ಟಿಗೆ ಜಾಸ್ತಿ ಹಾಳಾಗುವುದು ಅಲ್ಲೇ. ಗುರುತು ಹಾಕುವ ಮುಂಚೆ ಕೇಳಬೇಕಾದ್ದು ಒಂದೇ: ಈ ಖಾಲಿ ಜಾಗ ಇಲ್ಲಿ ಏನು ಕೆಲಸ ಮಾಡುತ್ತಿದೆ? ಪ್ರತಿ ಕಡೆ ಉತ್ತರ ಬೇರೆ.

ಬಸ್ಸಿನ ಪಟ್ಟಿಯನ್ನೇ ತಗೊಳ್ಳಿ. ಮೊದಲ ಕಾಲಮ್ಮಿನಲ್ಲಿ ಊರು, ಆಮೇಲೆ ಹೊರಡುವ ಸಮಯಗಳು. ಟೈಪ್ ಮಾಡಿದವರು ಕಣ್ಣಳತೆಯಲ್ಲಿ ಜೋಡಿಸಿರುತ್ತಾರೆ. ಬ್ರೈಲ್‌ನಲ್ಲಿ ಸೆಲ್ ಅಂದರೆ ಆರು ಚುಕ್ಕಿ ಹಿಡಿಯುವ ಒಂದು ಮನೆ; ಎಡಗಡೆ ಮೇಲಿನಿಂದ 1-2-3, ಬಲಗಡೆ 4-5-6 ಅಂತ ಚುಕ್ಕಿಗಳ ಲೆಕ್ಕ. ನಮ್ಮ ದೇಶದ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಕಾಗುಣಿತದ ಸ್ವರಕ್ಕೆ ಬೇರೆ ಸೆಲ್, ಒತ್ತಕ್ಷರ ಇದ್ದರೆ ಅದರ ಮುಂಚೆ ಹಲಂತದ (ವ್ಯಂಜನಕ್ಕೆ ಸ್ವರ ಇಲ್ಲ ಅನ್ನುವ ಗುರುತಿನ) ಸೆಲ್. ‘ಹಾಸನ’ಕ್ಕೆ 4 ಸೆಲ್ ಸಾಕು. ‘ಚಿಕ್ಕಮಗಳೂರು’ ಕಣ್ಣಿಗೆ ಆರೇ ಅಕ್ಷರ, ಬ್ರೈಲ್‌ನಲ್ಲಿ 11 ಸೆಲ್: ಚ, ಇ, ಹಲಂತ, ಕ, ಕ, ಮ, ಗ, ಳ, ಊ, ರ, ಉ. ‘ಸ್ತ್ರೀ’ ಅನ್ನುವ ಒಂದೇ ಅಕ್ಷರ ಆರು ಸೆಲ್ ತಿನ್ನುತ್ತದೆ. ಹೀಗಿರುವಾಗ ಕಣ್ಣಿಗೆ ನೇರ ಕಾಣುತ್ತಿದ್ದ ಕಾಲಮ್ಮು ಚುಕ್ಕಿಗೆ ಬಂದಾಗ ನೇರ ನಿಲ್ಲೋದು ಹೇಗೆ?

ಅಂಕಿಗಳದ್ದು ಇನ್ನೊಂದು ಕಥೆ. ಅಂಕಿಯ ಮುಂಚೆ 3-4-5-6 ಚುಕ್ಕಿಯ ಸಂಖ್ಯಾಚಿಹ್ನೆ ಬೇಕು. ಯೂನಿಫೈಡ್ ಇಂಗ್ಲಿಷ್ ಬ್ರೈಲ್ ನಿಯಮ ಹಿಡಿದರೆ, ನಡುವೆ ಕೋಲನ್ ಬಂದಾಗ ಆ ಚಿಹ್ನೆಯನ್ನು ಮತ್ತೆ ಹಾಕಬೇಕು. 06:10 ಅನ್ನುವುದು ಅಚ್ಚಿನಲ್ಲಿ 5 ಸ್ಥಾನ, ಬ್ರೈಲ್‌ನಲ್ಲಿ 7.

ಈಗ ಲೆಕ್ಕ ಹಾಕಿ. ಊರಿಗೆ 11, ಎರಡು ಸೆಲ್ ಖಾಲಿ, ಸಮಯಕ್ಕೆ 7, ಮತ್ತೆ ಎರಡು ಖಾಲಿ, ಮತ್ತೆ 7. ಒಟ್ಟು 29. ಎ4 ಹಾಳೆಯಲ್ಲಿ ಸಾಲಿಗೆ ಸುಮಾರು 30 ಸೆಲ್ ಹಿಡಿಯುತ್ತದೆ, ಹಾಗಾಗಿ ಎರಡು ಸಮಯ ಕೂರುತ್ತದೆ. ಮೂರನೆಯ ಸಮಯ ಸೇರಿಸಿದರೆ 38. ಅದಕ್ಕೆ 40 ಸೆಲ್ಲಿನ ದೊಡ್ಡ ಹಾಳೆಯೇ ಬೇಕು. ಪಟ್ಟಿಯನ್ನು ಹಾಗೇ ಇಟ್ಟು ಎ4ಗೆ ಕಳಿಸಿದರೆ ಹೆಚ್ಚಾದ ಸಮಯ ಕೆಳಗಿನ ಸಾಲಿನ ಮೊದಲ ಸೆಲ್ಲಿಗೆ ಬಂದು ಬೀಳುತ್ತದೆ. ಆ ಜಾಗದಲ್ಲಿ ಊರಿನ ಹೆಸರು ಇರಬೇಕಿತ್ತು. ಓದುವವರು ಒಂದು ಸಾಲಿನಲ್ಲಿ ಎಡವಿದರೆ ಮುಂದಿನ ಎಲ್ಲ ಬಸ್ಸೂ ತಪ್ಪಿದ ಹಾಗೆ, ಅಲ್ವಾ?

ಇನ್ನೊಂದು ವಿಷಯ ಕಣ್ಣಿದ್ದವರಿಗೆ ಬೇಗ ಹೊಳೆಯುವುದಿಲ್ಲ. ಬೆರಳಿಗೆ ಕಾಲಮ್ಮು ಒಟ್ಟಿಗೆ ಕಾಣುವುದಿಲ್ಲ. ‘ಹಾಸನ’ ಮುಗಿದು ಒಂಬತ್ತು ಸೆಲ್ ಖಾಲಿ ಬಂದರೆ ಬೆರಳು ಜಾರಿ ಮೇಲಿನ ಸಾಲಿಗೋ ಕೆಳಗಿನ ಸಾಲಿಗೋ ಹೋಗಿಬಿಡಬಹುದು. ಅದಕ್ಕೇ ದೊಡ್ಡ ಖಾಲಿ ಜಾಗದಲ್ಲಿ 5ನೇ ಚುಕ್ಕಿಯನ್ನು ಸಾಲಾಗಿ ಹಾಕಿ ದಾರಿ ತೋರಿಸುವ ಪದ್ಧತಿ ಇದೆ. ಪಟ್ಟಿ ತೀರಾ ಅಗಲವಾದರೆ ನಾನು ಕಾಲಮ್ಮಿನ ಆಸೆಯನ್ನೇ ಬಿಡುತ್ತೇನೆ. ಊರು ಮೊದಲ ಸೆಲ್ಲಿನಿಂದ, ಅದರ ಕೆಳಗೆ ಮೂರನೇ ಸೆಲ್ಲಿನಿಂದ ‘ಬೆಳಗ್ಗೆ’, ‘ಮಧ್ಯಾಹ್ನ’ ಅಂತ ಹೆಸರು ಹಾಕಿ ಸಮಯ. ಹಾಳೆ ಜಾಸ್ತಿ ಖರ್ಚಾಗುತ್ತದೆ, ಆಗಲಿ.

ಪ್ರೋಗ್ರಾಮಿನಲ್ಲಿ ಮಾತ್ರ ಖಾಲಿ ಜಾಗಕ್ಕೆ ನಿಜವಾದ ಅರ್ಥ ಇದೆ. ಎನ್‌ಸಿಇಆರ್‌ಟಿಯ 11ನೇ ತರಗತಿ ಕಂಪ್ಯೂಟರ್ ಸೈನ್ಸ್ ಪುಸ್ತಕದಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಇದೆ. ಪೈಥಾನಿನಲ್ಲಿ ಸಾಲಿನ ಆರಂಭದ ಸ್ಪೇಸ್ ತಪ್ಪಿದರೆ ಪ್ರೋಗ್ರಾಂ ಓಡುವುದೇ ಇಲ್ಲ, ಇಲ್ಲವೇ ತಪ್ಪು ಉತ್ತರ ಕೊಡುತ್ತದೆ. ಇಲ್ಲಿ ‘ಇದ್ದ ಹಾಗೇ’ ಗುರುತು ಬೇಕೇ ಬೇಕು. ಅಷ್ಟೇ ಸಾಲದು, ಸಂಕ್ಷೇಪವನ್ನೂ ನಿಲ್ಲಿಸಬೇಕು. ಇಂಗ್ಲಿಷಿನ ಗ್ರೇಡ್ 2ರಲ್ಲಿ, ಅಂದರೆ ಪದಗಳನ್ನು ಚಿಕ್ಕದು ಮಾಡಿ ಬರೆಯುವ ಬ್ರೈಲ್‌ನಲ್ಲಿ, ‘ಫಾರ್’ ಅನ್ನುವುದು ಆರೂ ಚುಕ್ಕಿಯ ಒಂದು ಸೆಲ್, ‘ಇನ್’ ಅನ್ನುವುದು 3-5 ಚುಕ್ಕಿಯ ಒಂದು ಸೆಲ್. ಅದೇ 3-5 ಕನ್ನಡದಲ್ಲಿ ‘ಈ’. ಕನ್ನಡದಲ್ಲಿ ವಿವರಣೆ ಬರೆದ ಪ್ರೋಗ್ರಾಂ ಆದರೆ ಗೊಂದಲಕ್ಕೆ ಬೇರೆ ಕಾರಣ ಬೇಕಾಗಿಲ್ಲ. ಮಗು ಕೀಬೋರ್ಡಿನಲ್ಲಿ ಒತ್ತಬೇಕಾದ ಒಂದೊಂದು ಅಕ್ಷರವೂ ಬೆರಳಿಗೆ ಸಿಗಬೇಕು. (ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಸಾಫ್ಟ್‌ವೇರಿನಲ್ಲಿ, ಕರ್ಸರ್ ಇರುವ ಪದವನ್ನು ಮಾತ್ರ ಸಂಕ್ಷೇಪವಿಲ್ಲದ ಕಂಪ್ಯೂಟರ್ ಬ್ರೈಲ್‌ಗೆ ಬಿಡಿಸಿ ತೋರಿಸುವ ಸೆಟ್ಟಿಂಗ್ ಇದೆ. ಚುಕ್ಕಿಗಳು ಮೇಲೆದ್ದು ಇಳಿಯುವ ಬ್ರೈಲ್ ಡಿಸ್‌ಪ್ಲೇಯಲ್ಲಿ ಓದುವವರಿಗೆ ಅದು ಒಳ್ಳೆಯ ಉಪಾಯ.)

ಆದರೂ ಜಾಗದ ಸಮಸ್ಯೆ ಬಿಡುವುದಿಲ್ಲ. ಪೈಥಾನಿನಲ್ಲಿ ಒಂದು ಹಂತಕ್ಕೆ 4 ಸ್ಪೇಸ್ ಬಿಡುವುದು ರೂಢಿ. ಮೂರು ಹಂತ ಒಳಗೆ ಹೋದರೆ 12 ಸೆಲ್ ಖಾಲಿ. 20 ಸೆಲ್ಲಿನ ಡಿಸ್‌ಪ್ಲೇಯಲ್ಲಿ ಉಳಿಯುವುದು ಎಂಟೇ. ಪುಸ್ತಕ ಮಾಡುವಾಗ ನಾನು ಹಂತಕ್ಕೆ 2 ಸೆಲ್ ಇಟ್ಟು, ‘ಇಲ್ಲಿನ 2 ಸೆಲ್ ಅಂದರೆ ಪ್ರೋಗ್ರಾಮಿನಲ್ಲಿ 4 ಸ್ಪೇಸ್’ ಅಂತ ಮೊದಲೇ ಟಿಪ್ಪಣಿ ಹಾಕುತ್ತೇನೆ. ಸಾಲು ಹಿಡಿಸದಿದ್ದರೆ ಮುರಿದ ಜಾಗದಲ್ಲಿ 5ನೇ ಚುಕ್ಕಿ ಹಾಕಿದರೆ ‘ಸಾಲು ಇನ್ನೂ ಮುಗಿದಿಲ್ಲ’ ಅಂತ ಅರ್ಥ. ಮುರಿದ ಕಡೆ ಸ್ಪೇಸ್ ಇದ್ದರೆ ಆ ಚುಕ್ಕಿಯನ್ನು ಎರಡು ಸಲ ಹಾಕುವುದು ನಿಯಮ.

ಪದ್ಯದ್ದು ಸುಲಭ, ಆದರೆ ಇಲ್ಲಿ ಎಲ್ಲರೂ ಅತಿ ಮಾಡುತ್ತಾರೆ. ಭಾಮಿನಿ ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಸಾಲು 23 ಮಾತ್ರೆ, ಉಳಿದವು 14. ಅಚ್ಚಿನಲ್ಲಿ ಕೆಲವು ಸಾಲನ್ನು ಅಂದಕ್ಕೆ ಅಂತ ಒಳಗೆ ತಳ್ಳಿರುತ್ತಾರೆ. ಆ ಅಂದ ಬೆರಳಿಗೆ ಬೇಡ. ಸಾಲು ಎಲ್ಲಿ ಮುರಿಯುತ್ತದೆ ಅನ್ನುವುದು ಮಾತ್ರ ಉಳಿಯಲಿ. ಪ್ರತಿ ಸಾಲೂ ಮೊದಲ ಸೆಲ್ಲಿನಿಂದ, ಹಿಡಿಸದೆ ಉಳಿದದ್ದು ಕೆಳಗೆ ಮೂರನೇ ಸೆಲ್ಲಿನಿಂದ. ಆಗ ಹೊಸ ಸಾಲು ಯಾವುದು, ಮುಂದುವರಿದದ್ದು ಯಾವುದು ಅಂತ ಎಡ ಅಂಚಿನಲ್ಲೇ ಗೊತ್ತಾಗುತ್ತದೆ.

ನುಡಿ, ಬರಹದ ಹಳೆಯ ಫಾಂಟಿನಲ್ಲಿ ಮಾಡಿದ ಫೈಲ್ ಬಂದರೆ ಮೊದಲು ಯೂನಿಕೋಡಿಗೆ ತನ್ನಿ, ಜೋಡಣೆ ಆಮೇಲೆ. ಆ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಯಾವುದು ಯಾವ ಫಾಂಟು ಅಂತ ನೋಡದೆ ಬದಲಿಸಿದರೆ ಪಟ್ಟಿಯಲ್ಲಿದ್ದ ನಿಜವಾದ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ.

ಎಲ್ಲ ಮುಗಿದ ಮೇಲೆ ಸಿಗುವ, ಮುದ್ರಣಕ್ಕೆ ಸಿದ್ಧವಾದ ಬಿಆರ್‌ಎಫ್ ಅನ್ನುವ ಬ್ರೈಲ್ ಫೈಲ್ ಕೂಡ ‘ಇದ್ದ ಹಾಗೇ’ ಜಾತಿಯದೇ. ಸಾಲು, ಪುಟ ಎಲ್ಲ ಅದರೊಳಗೆ ಗಟ್ಟಿಯಾಗಿ ಕೂತಿರುತ್ತದೆ. 40 ಸೆಲ್ಲಿಗೆ ಮಾಡಿದ್ದನ್ನು ಇನ್ನೊಂದು ಶಾಲೆಯವರು 30 ಸೆಲ್ಲಿನ ಹಾಳೆಗೆ ಕೊಟ್ಟರೆ 30 ಮೀರಿದ ಪ್ರತಿ ಸಾಲೂ ಮುರಿಯುತ್ತದೆ. ಅದಕ್ಕೇ ನಾವು ಫೈಲಿನ ಹೆಸರಿನಲ್ಲೇ ‘40-25’ ಅಂತ ಸೆಲ್ ಮತ್ತು ಸಾಲಿನ ಲೆಕ್ಕ ಬರೆದಿಡುತ್ತೇವೆ. ಬೇರೆ ಅಳತೆ ಕೇಳಿದವರಿಗೆ ಬಿಆರ್‌ಎಫ್ ತಿದ್ದಿ ಕೊಡುವುದಿಲ್ಲ, ಮೂಲ ಫೈಲಿನಿಂದ ಹೊಸದಾಗಿ ತೆಗೆದು ಕೊಡುತ್ತೇವೆ.