ಕೊಪಾನ್‌ನ ಅಕ್ಷರದ ಮೆಟ್ಟಿಲು: ಸಾಲು ತಪ್ಪಿದ್ದು ಹೇಗೆ?

ಹೊಂಡುರಾಸ್ ದೇಶದ ಪಶ್ಚಿಮ ಅಂಚಿನಲ್ಲಿ, ಗ್ವಾಟೆಮಾಲಾ ಗಡಿಯ ಹತ್ತಿರ, ಮಧ್ಯ ಅಮೆರಿಕದ ಮೂಲನಿವಾಸಿಗಳಾದ ಮಾಯಾ ಜನರ ರಾಜರು ಆಳಿದ ಹಳೆಯ ಊರು ಕೊಪಾನ್ ಇದೆ. ಅಲ್ಲಿನ ಒಂದು ಪಿರಮಿಡ್ಡಿಗೆ 60ಕ್ಕೂ ಜಾಸ್ತಿ ಮೆಟ್ಟಿಲುಗಳು. ಹತ್ತುವಾಗ ಕಣ್ಣಿಗೆ ಎದುರಾಗುವ ಮುಖದ ತುಂಬ ಅಕ್ಷರಗಳನ್ನು ಕೆತ್ತಿದ್ದಾರೆ. ಒಟ್ಟು ಸುಮಾರು 2,200 ಗುರುತುಗಳು. ಮಾಯಾ ಬರವಣಿಗೆಯಲ್ಲಿ ಈವರೆಗೆ ಸಿಕ್ಕಿರುವ ಅತಿ ಉದ್ದದ ಶಾಸನ ಇದೇ. ಆದರೆ ಇದನ್ನು ಮೇಲಿಂದ ಕೆಳಗೆ ಓದುತ್ತಾ ಬಂದರೆ ಬಹಳಷ್ಟು ಕಡೆ ಅರ್ಥ ಕೂಡುವುದಿಲ್ಲ. ಕಲ್ಲುಗಳು ಅದಲುಬದಲಾಗಿವೆ.

ಮೆಟ್ಟಿಲು ಕಟ್ಟಿಸಲು ಶುರು ಮಾಡಿದವನು ಕೊಪಾನ್‌ನ 13ನೇ ರಾಜ. ಕ್ರಿ.ಶ. 710ರ ಹೊತ್ತಿನ ಮಾತು. ಅವನ ಕಾಲದಲ್ಲಿ ಊರು ಚೆನ್ನಾಗಿ ಬಾಳಿತು. ಆದರೆ 738ರಲ್ಲಿ ಪಕ್ಕದ ಕಿರಿಗುವಾದ ದೊರೆ ಅವನನ್ನು ಸೆರೆಹಿಡಿದು ತಲೆ ಕಡಿಸಿದ. ಆ ದೊರೆಗೆ ಪಟ್ಟ ಕಟ್ಟಿಸಿದವನು ಇದೇ 13ನೇ ರಾಜ! ಕೊಪಾನ್‌ಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ. ಸುಮಾರು 17 ವರ್ಷದ ನಂತರ 15ನೇ ರಾಜ ಮೆಟ್ಟಿಲನ್ನು ದೊಡ್ಡದು ಮಾಡಿಸಿದ. ಹಿಂದಿನ ರಾಜರ ಪಟ್ಟಾಭಿಷೇಕ, ಸಾವು ಎಲ್ಲವನ್ನೂ ಬರೆಸಿದ. ಸೋತ ರಾಜನ ಸಾವನ್ನು ಕೂಡ ಬಿಡಲಿಲ್ಲ. ನಮ್ಮ ವಂಶ ಇನ್ನೂ ಇದೆ ಎಂದು ಕಲ್ಲಿನಲ್ಲಿ ಸಾರಿದ ಹಾಗಿದೆ ಅದು. ನನಗಂತೂ ಈ ಮೆಟ್ಟಿಲಿನ ಜೀವ ಇಲ್ಲೇ ಇದೆ ಅನ್ನಿಸುತ್ತದೆ.

ಆಮೇಲೆ ಊರು ಬರಿದಾಯಿತು, ಕಾಡು ಬೆಳೆಯಿತು. 1839ರಲ್ಲಿ ಅಮೆರಿಕದ ಜಾನ್ ಲಾಯ್ಡ್ ಸ್ಟೀಫನ್ಸ್ ಬಂದು ಈ ಹಾಳೂರನ್ನು 50 ಡಾಲರಿಗೆ ಕೊಂಡುಕೊಂಡ. ಅಷ್ಟರಲ್ಲಿ ಮೆಟ್ಟಿಲಿನ ಮೇಲ್ಭಾಗ ಕುಸಿದು ಮಣ್ಣಿನಡಿ ಸೇರಿತ್ತು.

ಅದನ್ನು ಅಗೆದು ತೆಗೆದವರು ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಂನವರು, 1890ರ ದಶಕದಲ್ಲಿ. ಆ ಕೆಲಸಕ್ಕೆ ಪ್ರಾಣವೇ ಬೆಲೆಯಾಯಿತು. ಮುಂದಾಳು ಜಾನ್ ಓವೆನ್ಸ್ 1893ರಲ್ಲಿ ಜ್ವರ ಬಂದು ಅಲ್ಲೇ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದೂ ಕೊಪಾನ್‌ನ ಕಂಬಶಾಸನವೊಂದರ ಎದುರಲ್ಲೇ. ಕೆಲಸ ಮುಂದುವರಿಸಿದ ಜಾರ್ಜ್ ಗಾರ್ಡನ್‌ಗೆ ಕೆಳಗಿನ ಕೆಲವು ಮೆಟ್ಟಿಲು ಮಾತ್ರ ಇದ್ದ ಜಾಗದಲ್ಲೇ ಸಿಕ್ಕವು. ಇನ್ನೊಂದಷ್ಟು ಒಟ್ಟಿಗೇ ಜಾರಿ ಬಂದಿದ್ದರಿಂದ ಅವುಗಳ ಸಾಲು ಉಳಿದಿತ್ತು. ಮಿಕ್ಕಿದ್ದು ಬರೀ ಕಲ್ಲಿನ ರಾಶಿ.

ತಾಳೆಗರಿ ಕಟ್ಟಿನ ದಾರ ಕಿತ್ತು ಗರಿಗಳು ಚೆಲ್ಲಾಪಿಲ್ಲಿಯಾದವು ಅಂದುಕೊಳ್ಳಿ. ಗರಿಗಳಿಗೆ ಸಂಖ್ಯೆ ಇಲ್ಲ. ಹೆಕ್ಕುವವರಿಗೆ ಆ ಲಿಪಿ ಓದಲು ಬರುವುದಿಲ್ಲ. 1930ರ ದಶಕದಲ್ಲಿ ಕಾರ್ನೆಗಿ ಸಂಸ್ಥೆಯ ಗುಸ್ತಾವ್ ಸ್ಟ್ರೋಮ್ಸ್‌ವಿಕ್ ತಂಡದ ಪಾಡು ಹೀಗೇ ಇತ್ತು. ಆಗ ಮಾಯಾ ಬರಹದಲ್ಲಿ ಮುಖ್ಯವಾಗಿ ಓದಲು ಬರುತ್ತಿದ್ದುದು ಪಂಚಾಂಗದ ಲೆಕ್ಕ, ತಾರೀಖು. ಹಾಗೇ ಬಿಟ್ಟರೆ ಕಲ್ಲುಗಳು ಹಾಳಾಗುತ್ತವೆ ಎಂದು ಸಿಕ್ಕಿದ್ದನ್ನು ಸಿಕ್ಕ ಕಡೆ ಜೋಡಿಸಿ ಕಟ್ಟಿದರು. ಅವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಕೊಪಾನ್ ನದಿ ಅರಮನೆಯ ದಿಬ್ಬವನ್ನೇ ಕೊರೆಯುತ್ತಿದ್ದಾಗ ಅದರ ಪಾತ್ರವನ್ನು ಬೇರೆ ಕಡೆ ತಿರುಗಿಸಿ ಊರನ್ನು ಉಳಿಸಿದವರೂ ಇವರೇ, ಅಲ್ವಾ?

ಓದುವ ದಾರಿ ತೆರೆದದ್ದು ಆಮೇಲೆ. 1952ರಲ್ಲಿ ರಷ್ಯಾದ ಯೂರಿ ಕ್ನೊರೊಜೊವ್ ಈ ಗುರುತುಗಳಲ್ಲಿ ಉಚ್ಚಾರಣೆ ಅಡಗಿದೆ ಎಂದು ತೋರಿಸಿದರು. 1960ರಲ್ಲಿ ತಾತಿಯಾನಾ ಪ್ರೊಸ್ಕೂರಿಯಾಕೋಫ್ ಈ ಶಾಸನಗಳಲ್ಲಿ ಇರುವುದು ರಾಜರಾಣಿಯರ ಬದುಕು ಎಂದು ಸಾಬೀತು ಮಾಡಿದರು. ಇವೆರಡೂ ಸೇರಿದ ಮೇಲೆ ಮೆಟ್ಟಿಲಿನ ತುಣುಕುಗಳಿಗೆ ಮಾತು ಬಂತು. 1980ರ ದಶಕದಿಂದ ವಿಲಿಯಂ ಫ್ಯಾಶ್, ಬಾರ್ಬರಾ ಫ್ಯಾಶ್ ಮತ್ತು ಜೊತೆಗಾರರು ಒಂದೊಂದೇ ಕಲ್ಲಿನ ಚಿತ್ರ ಬರೆದು, ತಾರೀಖು ಮತ್ತು ಹೆಸರುಗಳನ್ನು ಹಿಡಿದು, ಕಾಗದದ ಮೇಲೆ ಹಳೆಯ ಸಾಲನ್ನು ಹುಡುಕತೊಡಗಿದರು.

ಅಷ್ಟರಲ್ಲಿ ಕಲ್ಲೇ ಸವೆಯುತ್ತಿತ್ತು. ಇದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆಯ ಕಲ್ಲು. ಕೆತ್ತಲು ಸುಲಭ, ಮಳೆಗೆ ತಡೆಯದು. ಹಾಗಾಗಿ 1985ರಲ್ಲಿ ಇಡೀ ಮೆಟ್ಟಿಲಿನ ಮೇಲೆ ಟಾರ್ಪಾಲಿನ ಚಪ್ಪರ ಎಳೆದರು. ಕಲ್ಲಿನಲ್ಲಿ ಈಗ ಅಳಿಸಿಹೋದ ಎಷ್ಟೋ ಗೆರೆಗಳನ್ನು ವಿದ್ವಾಂಸರು ಓದುವುದು ಓವೆನ್ಸ್, ಗಾರ್ಡನ್ ಕಾಲದಲ್ಲಿ ತೆಗೆದ ಗಾಜಿನ ನೆಗೆಟಿವ್‌ಗಳಿಂದ.